ರಾಶಿ ಬೆಳೆಯಿತು, ದುಡಿದವರ ಪಾಲು ಏಕೆ ಕುಗ್ಗಿತು?

ಪ್ರಶ್ನೆ: ನಮ್ಮ ತಂದೆ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಒಂದೇ ಸಂಬಳದಲ್ಲಿ ನಾಲ್ಕು ಮಕ್ಕಳನ್ನು ಓದಿಸಿದರು, ಎರಡು ಕೋಣೆಯ ಮನೆಯನ್ನೂ ಕಟ್ಟಿದರು. ನಾನು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಗುತ್ತಿಗೆ ಮೇಲೆ ಇದ್ದೇನೆ, ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಇಬ್ಬರೂ ದುಡಿದರೂ ತಿಂಗಳ ಕೊನೆಗೆ ಕೈ ಖಾಲಿ. ಪ್ರಪಂಚದ ಎಲ್ಲ ಕಡೆ ದೇಶದ ಆದಾಯದಲ್ಲಿ ಕಾರ್ಮಿಕರ ಪಾಲು ಇಳಿಯುತ್ತಿದೆ ಎಂದು ಎಲ್ಲೋ ಓದಿದೆ. ಇದು ನಿಜವೇ? ಚೀನಾ ಕಾರಣವೋ, ಯಂತ್ರ ಕಾರಣವೋ, ಜಾಗತೀಕರಣವೋ? ಇಳಿದ ಪಾಲು ಮತ್ತೆ ಏರಿದ ಉದಾಹರಣೆ ಇದೆಯೇ?

ಉತ್ತರ: ನೀವು ಓದಿದ್ದು ನಿಜ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದರೆ ಐಎಲ್‌ಒ, 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಲೆಕ್ಕದ ಪ್ರಕಾರ ಇಡೀ ಪ್ರಪಂಚದ ಆದಾಯದಲ್ಲಿ ದುಡಿಮೆಗೆ ಸಿಗುವ ಪಾಲು ಶೇ 52.4. ಇಪ್ಪತ್ತು ವರ್ಷಗಳಲ್ಲಿ ಅದು 1.6 ಶೇಕಡಾ ಅಂಶದಷ್ಟು ಇಳಿದಿದೆ. ಒಂದೂವರೆ ಅಂಶ ಎಂದರೆ ಅಲ್ಪ ಎನಿಸಬಹುದು. ಆದರೆ 2004ರ ಪಾಲೇ ಉಳಿದಿದ್ದರೆ 2024ರ ಒಂದೇ ವರ್ಷದಲ್ಲಿ ದುಡಿಯುವವರ ಕೈಗೆ ಇನ್ನೂ 2.4 ಲಕ್ಷ ಕೋಟಿ ಡಾಲರ್ ಬರುತ್ತಿತ್ತು ಎಂದು ಅದೇ ಸಂಸ್ಥೆ ಹೇಳುತ್ತದೆ. ಈ ಇಳಿಕೆಯಲ್ಲಿ ಶೇ 40ರಷ್ಟು ಆದದ್ದು ಕೋವಿಡ್‌ನ ಮೂರು ವರ್ಷಗಳಲ್ಲಿ. ಕಳೆದುಹೋದದ್ದು ಆಮೇಲೆ ಹಿಂದಕ್ಕೆ ಬಂದಿಲ್ಲ.

ಈ ‘ಪಾಲು’ ಎಂದರೆ ಏನು ಎಂಬುದನ್ನು ಮೊದಲು ಬಿಡಿಸಿಕೊಳ್ಳೋಣ. ನಮ್ಮ ಹಳ್ಳಿಗಳಲ್ಲಿ ಕೋರಿಗೆ ಹೊಲ ಮಾಡುತ್ತಿದ್ದ ಕಾಲದಲ್ಲಿ ಪಾಲು ಕಣ್ಣಿಗೆ ಕಾಣುತ್ತಿತ್ತು. ಕಣದಲ್ಲಿ ರಾಶಿ ಹಾಕಿ, ಅಳೆದು, ಇಷ್ಟು ಹೊಲದವರಿಗೆ, ಇಷ್ಟು ಉತ್ತವರಿಗೆ, ಇಷ್ಟು ಆಯಗಾರರಿಗೆ ಎಂದು ಎಲ್ಲರ ಎದುರೇ ಹಂಚುತ್ತಿದ್ದರು. ಮೋಸ ಆಗುತ್ತಿರಲಿಲ್ಲ ಎಂದಲ್ಲ. ಆದರೆ ಮೋಸವೂ ಕಣ್ಣೆದುರೇ ಆಗುತ್ತಿತ್ತು. ದೇಶದ ಆದಾಯಕ್ಕೆ ಅಂಥ ಕಣ ಇಲ್ಲ. ವರ್ಷವೊಂದರಲ್ಲಿ ದೇಶದಲ್ಲಿ ಹುಟ್ಟಿದ ಒಟ್ಟು ಮೌಲ್ಯವನ್ನು ಸಂಖ್ಯಾಶಾಸ್ತ್ರದವರು ಕಾಗದದ ಮೇಲೆ ರಾಶಿ ಮಾಡುತ್ತಾರೆ. ಅದರಲ್ಲಿ ಸಂಬಳ, ಕೂಲಿ, ಪಿಎಫ್‌ಗೆ ಮಾಲೀಕರು ಕಟ್ಟಿದ ಹಣ ಇವೆಲ್ಲ ದುಡಿಮೆಯ ಪಾಲು. ಲಾಭ, ಬಡ್ಡಿ, ಬಾಡಿಗೆ ಬಂಡವಾಳದ ಪಾಲು. ಇವೆರಡರ ನಡುವಿನ ಗೆರೆ ಎತ್ತ ಸರಿಯುತ್ತಿದೆ ಎಂಬುದೇ ನಿಮ್ಮ ಪ್ರಶ್ನೆ.

ಈ ಗೆರೆ ಸರಿಯುವುದೇ ಇಲ್ಲ ಎಂದು ಅರ್ಥಶಾಸ್ತ್ರಜ್ಞರು ಬಹಳ ಕಾಲ ನಂಬಿದ್ದರು. ಉತ್ಪನ್ನವನ್ನು ಭೂಮಾಲೀಕ, ಬಂಡವಾಳಗಾರ, ಕಾರ್ಮಿಕ ಹೇಗೆ ಹಂಚಿಕೊಳ್ಳುತ್ತಾರೆ ಎಂಬುದೇ ಅರ್ಥಶಾಸ್ತ್ರದ ಮುಖ್ಯ ಸಮಸ್ಯೆ ಎಂದು ಡೇವಿಡ್ ರಿಕಾರ್ಡೊ 1817ರಲ್ಲೇ ಬರೆದಿದ್ದ. ಆದರೆ ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಆ ಸಮಸ್ಯೆ ತಾನಾಗಿಯೇ ಬಗೆಹರಿದಂತೆ ಕಂಡಿತು. ಯಂತ್ರಗಳು ಬದಲಾದವು, ಯುದ್ಧಗಳು ಬಂದು ಹೋದವು, ಕಾರ್ಮಿಕರ ಪಾಲು ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ನಿಕೊಲಸ್ ಕಾಲ್ಡರ್ ಇದನ್ನು ಆರ್ಥಿಕ ಬೆಳವಣಿಗೆಯ ಸ್ಥಿರ ಲಕ್ಷಣಗಳಲ್ಲಿ ಒಂದೆಂದು ಪಟ್ಟಿಗೆ ಸೇರಿಸಿದರು. ನಾನು ಎಂ.ಎ. ಓದುವಾಗ ನಮಗೂ ಹಾಗೆಯೇ ಪಾಠ ಮಾಡಿದ್ದರು, ನಾವು ಪ್ರಶ್ನಿಸದೆ ಬರೆದುಕೊಂಡಿದ್ದೆವು. ಅಮೆರಿಕದಲ್ಲಿ ಕೃಷಿಯೇತರ ಉದ್ದಿಮೆಗಳಲ್ಲಿ ಕಾರ್ಮಿಕರ ಪಾಲು 1947ರಿಂದ 2000ದವರೆಗೆ ಸರಾಸರಿ ಶೇ 64ರ ಆಸುಪಾಸಿನಲ್ಲೇ ಇತ್ತು. ಆಮೇಲಿನ ಹತ್ತೇ ವರ್ಷದಲ್ಲಿ ಅದು ಜಾರಿ ಶೇ 57-58ಕ್ಕೆ ಬಂತು. ಅಲ್ಲಿಗೆ ‘ಸ್ಥಿರ ಲಕ್ಷಣ’ದ ಕಥೆ ಮುಗಿಯಿತು.

ಇಲ್ಲಿ ಒಂದು ಮಾತು ಸ್ಪಷ್ಟವಿರಲಿ. ಪಾಲು ಇಳಿದರೆ ಸಂಬಳ ಇಳಿಯಿತು ಎಂದೇನೂ ಅಲ್ಲ. ಚೀನಾದಲ್ಲಿ 1990ರ ದಶಕದ ನಡುವಿನಿಂದ ಹತ್ತು ಹನ್ನೆರಡು ವರ್ಷ ಕಾರ್ಮಿಕರ ಪಾಲು ಇಳಿಯುತ್ತಾ ಹೋಯಿತು. ಅದೇ ವರ್ಷಗಳಲ್ಲಿ ಕೋಟ್ಯಂತರ ಜನ ಹಳ್ಳಿ ಬಿಟ್ಟು ಕಾರ್ಖಾನೆ ಸೇರಿ, ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚು ಗಳಿಸಿದರು. ರಾಶಿ ಹತ್ತು ಪಟ್ಟು ಬೆಳೆದು ನಿಮ್ಮ ಪಾಲು ಅರ್ಧದಿಂದ ಮೂರನೇ ಒಂದಕ್ಕೆ ಇಳಿದರೂ ಮನೆಗೆ ಹೋಗುವ ಚೀಲ ದೊಡ್ಡದೇ. ನಮ್ಮಲ್ಲೂ 1993-94ರಿಂದ 2011-12ರ ನಡುವೆ ಬೆಲೆಯೇರಿಕೆ ಕಳೆದ ನಿಜವಾದ ಸರಾಸರಿ ಕೂಲಿ ಸುಮಾರು ಎರಡು ಪಟ್ಟಾಗಿದೆ. ಹಾಗಾದರೆ ಪಾಲಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದೇಕೆ? ನೀವು ಕೊಳ್ಳಬೇಕಾದ ಸೈಟು, ಮಕ್ಕಳ ಶಾಲೆ, ಆಸ್ಪತ್ರೆಯ ಬಿಲ್ಲು ಇವುಗಳ ಬೆಲೆ ನಿಮ್ಮ ಸಂಬಳದ ಜೊತೆ ಏರುವುದಿಲ್ಲ, ರಾಶಿಯ ಜೊತೆ ಏರುತ್ತದೆ. ನಿಮ್ಮ ತಂದೆ ಸೈಟು ಕೊಂಡಾಗ ಅವರ ಜೊತೆ ಚೌಕಾಸಿಗೆ ನಿಂತವರು ಅವರಂಥದೇ ಸಂಬಳಗಾರರು. ಇವತ್ತು ಲಾಭದ ಹಣ, ಬಾಡಿಗೆಯ ಹಣ ನಿಮ್ಮ ಪಕ್ಕದಲ್ಲಿ ನಿಂತು ಬೆಲೆ ಕೂಗುತ್ತದೆ.

ಕಾರಣಕ್ಕೆ ಬರೋಣ. ಯಂತ್ರ ಎನ್ನುವವರಿಗೆ ಗಟ್ಟಿ ಆಧಾರವಿದೆ. ಕಾರಾಬಾರ್ಬುನಿಸ್ ಮತ್ತು ನೈಮನ್ ಎಂಬ ಇಬ್ಬರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1980ರ ದಶಕದ ಆರಂಭದಿಂದ ಪ್ರಪಂಚದ ಕಂಪನಿಗಳಲ್ಲಿ ಕಾರ್ಮಿಕರ ಪಾಲು ಸುಮಾರು ಐದು ಅಂಶ ಇಳಿದಿದೆ ಎಂದು ತೋರಿಸಿದರು. ಅದರಲ್ಲಿ ಅರ್ಧದಷ್ಟಕ್ಕೆ ಕಾರಣ ಕಂಪ್ಯೂಟರು, ಯಂತ್ರೋಪಕರಣ ಅಗ್ಗವಾಗಿದ್ದು ಎಂದರು. ಯಂತ್ರ ಅಗ್ಗವಾದಾಗ ಆಳಿನ ಬದಲು ಯಂತ್ರ ಇಡುತ್ತಾರೆ, ಸರಳ ಲೆಕ್ಕ. ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್, 2017ರಲ್ಲಿ ಮಾಡಿದ ವಿಶ್ಲೇಷಣೆಯೂ ಮುಂದುವರಿದ ದೇಶಗಳ ಮಟ್ಟಿಗೆ ಅರ್ಧದಷ್ಟು ಹೊಣೆಯನ್ನು ತಂತ್ರಜ್ಞಾನಕ್ಕೇ ಹೊರಿಸಿತು. ದೈತ್ಯ ಕಂಪನಿಗಳು ಕಾರಣ ಎನ್ನುವ ಡೇವಿಡ್ ಆಟರ್ ಮತ್ತು ಸಂಗಡಿಗರ ಮಾತೂ ನನಗೆ ಒಪ್ಪಿಗೆ. ಒಂದೊಂದು ರಂಗದಲ್ಲೂ ವ್ಯಾಪಾರವೆಲ್ಲ ಒಂದೆರಡು ಕಂಪನಿಗಳ ಕೈ ಸೇರುತ್ತಿದೆ. ಅಂಥ ಕಂಪನಿಗಳಲ್ಲಿ ಒಬ್ಬೊಬ್ಬರ ಸಂಬಳ ಹೆಚ್ಚಿರಬಹುದು, ಆದರೆ ವಹಿವಾಟಿಗೆ ಹೋಲಿಸಿದರೆ ಆಳುಗಳೇ ಕಡಿಮೆ. ಮೊದಲು ನೂರು ಅಂಗಡಿಗಳ ನೂರು ಗುಮಾಸ್ತರಿಗೆ ಹೋಗುತ್ತಿದ್ದದ್ದು ಈಗ ಒಂದು ಗೋದಾಮು, ಒಂದು ಸಾಫ್ಟ್‌ವೇರ್, ಬೆರಳೆಣಿಕೆಯ ಷೇರುದಾರರಿಗೆ ಹೋಗುತ್ತದೆ.

ಚೀನಾದ ಮಾತು ಬಂದರೆ, ಅದು 2001ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಘಟನೆ ಸೇರಿತು. ಆಮದಿನ ಪೈಪೋಟಿಯಿಂದ 1999 ಮತ್ತು 2011ರ ನಡುವೆ ಅಮೆರಿಕದಲ್ಲಿ 20 ಲಕ್ಷಕ್ಕೂ ಹೆಚ್ಚು ಉದ್ಯೋಗ ಹೋಯಿತೆಂದು ಅಂದಾಜು. ಪೀಠೋಪಕರಣ, ಬಟ್ಟೆ, ಬೊಂಬೆ ತಯಾರಿಸುತ್ತಿದ್ದ ಊರುಗಳು ಬರಿದಾದವು. ಕೆಲಸ ಹೋದವರು ಬೇರೆ ಊರಿಗೆ ಹೋಗಿ ಬೇರೆ ಕೆಲಸ ಹಿಡಿಯುತ್ತಾರೆ ಎಂದು ಪುಸ್ತಕ ಹೇಳಿತ್ತು. ಅವರು ಹೋಗಲಿಲ್ಲ. ಸಾಲ ತೀರದ ಮನೆ, ವಯಸ್ಸಾದ ತಂದೆತಾಯಿ, ಶಾಲೆಗೆ ಹೋಗುವ ಮಕ್ಕಳು ಇರುವವರು ಎಲ್ಲಿಗೆ ಹೋಗುತ್ತಾರೆ? ನಿಮ್ಮ ದಾವಣಗೆರೆಯಲ್ಲಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದಾಗಲೂ ಆದದ್ದು ಇದೇ.

ಆದರೆ ನನ್ನನ್ನು ಬಹಳ ವರ್ಷ ಕಾಡಿದ್ದು ಅಮೆರಿಕದ ಕಥೆಯಲ್ಲ. ಅಲ್ಲಿಂದ ಹೋದ ಕೆಲಸ ಎಲ್ಲಿಗೆ ಬಂತೋ ಆ ದೇಶಗಳಲ್ಲಿ ಕಾರ್ಮಿಕರ ಪಾಲು ಏರಬೇಕಿತ್ತಲ್ಲ? 1941ರಲ್ಲಿ ಸ್ಟೋಲ್ಪರ್ ಮತ್ತು ಸ್ಯಾಮ್ಯುಯೆಲ್ಸನ್ ಮಂಡಿಸಿದ ಪ್ರಮೇಯ ಹೇಳುವುದು ಅದನ್ನೇ. ಯಾವ ದೇಶದಲ್ಲಿ ದುಡಿಯುವ ಕೈ ಹೆಚ್ಚೋ ಆ ದೇಶ ವ್ಯಾಪಾರಕ್ಕೆ ತೆರೆದುಕೊಂಡರೆ ದುಡಿಯುವ ಕೈಗಳಿಗೇ ಹೆಚ್ಚು ಲಾಭ. 1991ರಲ್ಲಿ ನಮ್ಮ ಮಾರುಕಟ್ಟೆ ತೆರೆದ ನಂತರ ನಮಗೂ ಇದೇ ಭರವಸೆ ಕೊಟ್ಟರು. ಆಗ ನಾನೂ ಅದನ್ನು ನಂಬಿ ತರಗತಿಯಲ್ಲಿ ಹೇಳಿದ್ದೇನೆ. ಮೆಕ್ಸಿಕೊದಲ್ಲಿ ಹಾಗಾಗಲಿಲ್ಲ, ಚೀನಾದಲ್ಲಿ ಮೊದಲ ಹದಿನೈದು ವರ್ಷ ಆಗಲಿಲ್ಲ, ಭಾರತದಲ್ಲೂ ಆಗಲಿಲ್ಲ. ಐಎಲ್‌ಒ 2018ರಲ್ಲಿ ಭಾರತದ ಬಗ್ಗೆಯೇ ಹೊರತಂದ ವೇತನ ವರದಿಯಂತೆ, ನಮ್ಮ ದೇಶದ ಆದಾಯದಲ್ಲಿ ಕಾರ್ಮಿಕರ ಪಾಲು 1981ರಲ್ಲಿ ಶೇ 38.5 ಇದ್ದದ್ದು 2013ಕ್ಕೆ ಶೇ 35.4ಕ್ಕೆ ಇಳಿದಿತ್ತು.

ಏಕೆ ಹೀಗಾಯಿತು? ಉತ್ತರದ ಒಂದು ಎಳೆ ಆರ್ಥರ್ ಲೂಯಿಸ್ 1954ರಲ್ಲಿ ಬರೆದ ಪ್ರಬಂಧದಲ್ಲಿದೆ. ಹಳ್ಳಿಯಲ್ಲಿ ಅರೆಹೊಟ್ಟೆಯ ದುಡಿಮೆಯವರು ಎಷ್ಟು ಬೇಕಾದರೂ ಸಿಗುವವರೆಗೆ ಕಾರ್ಖಾನೆಯ ಕೂಲಿ ಏರಬೇಕಾದ ಒತ್ತಡವೇ ಇರುವುದಿಲ್ಲ ಎಂದರು ಅವರು. ಉತ್ಪಾದನೆ ಏರುತ್ತದೆ, ಏರಿದ್ದೆಲ್ಲ ಲಾಭಕ್ಕೆ ಹೋಗುತ್ತದೆ. ಇದಕ್ಕೆ ಇನ್ನೊಂದು ಎಳೆ ಸೇರಿಸಿ. ಚೀನಾ, ಭಾರತ, ಹಳೆಯ ಸೋವಿಯತ್ ದೇಶಗಳು ಒಂದೇ ಮಾರುಕಟ್ಟೆಗೆ ಬಂದದ್ದರಿಂದ ಪ್ರಪಂಚದ ಬಂಡವಾಳಕ್ಕೆ ಕೈಗೆಟಕುವ ಕಾರ್ಮಿಕರ ಸಂಖ್ಯೆ ಸುಮಾರು 150 ಕೋಟಿಯಿಂದ 300 ಕೋಟಿಗೆ, ಎರಡು ಪಟ್ಟಾಯಿತು ಎಂದು ರಿಚರ್ಡ್ ಫ್ರೀಮನ್ ಲೆಕ್ಕ ಹಾಕಿದರು. ಆ ಹೊಸ ಕೈಗಳ ಜೊತೆ ಹೊಸ ಬಂಡವಾಳ ಅಷ್ಟೇ ಪ್ರಮಾಣದಲ್ಲಿ ಬರಲಿಲ್ಲ. ಆಳು ಹೆಚ್ಚು, ನೇಗಿಲು ಕಡಿಮೆ. ನೇಗಿಲು ಇದ್ದವನು ಹೇಳಿದ್ದೇ ಷರತ್ತು.

ಮೂರನೆಯ ಎಳೆ ಸರಕಿನೊಳಗೇ ಅಡಗಿದೆ. ಒಂದು ದೇಶ ಒಂದು ಸರಕನ್ನು ಪೂರ್ತಿ ತಯಾರಿಸಿ ಮಾರುವ ಕಾಲ ಹೋಯಿತು. 2010ರಲ್ಲಿ ಮಾರಾಟವಾದ ಐಫೋನ್ ಒಂದರ ಬೆಲೆಯನ್ನು ಕ್ರೇಮರ್, ಲಿಂಡನ್, ಡೆಡ್ರಿಕ್ ಎಂಬ ಮೂವರು ಸಂಶೋಧಕರು ಬಿಡಿಸಿ ನೋಡಿದ್ದರು. ಬೆಲೆಯ ಶೇ 58.5 ಆ್ಯಪಲ್‌ನ ಲಾಭ. ಫೋನನ್ನು ಜೋಡಿಸಿದ ಚೀನಾದ ಕಾರ್ಮಿಕರಿಗೆಲ್ಲ ಸೇರಿ ಶೇ 1.8. ನೂರು ರೂಪಾಯಿಯಲ್ಲಿ ಎರಡು ರೂಪಾಯಿಗೂ ಕಡಿಮೆ. ಏಸರ್ ಕಂಪನಿಯ ಸ್ಥಾಪಕ ಸ್ಟ್ಯಾನ್ ಶಿ ಇದನ್ನು 1990ರ ದಶಕದ ಆರಂಭದಲ್ಲೇ ಒಂದು ಗೆರೆಯಲ್ಲಿ ಬರೆದು ತೋರಿಸಿದ್ದರು. ನಗುವ ಬಾಯಿಯಂತೆ ಎರಡು ತುದಿ ಮೇಲೆ, ನಡು ಕೆಳಗೆ. ಒಂದು ತುದಿ ವಿನ್ಯಾಸ, ಪೇಟೆಂಟು. ಇನ್ನೊಂದು ತುದಿ ಬ್ರ್ಯಾಂಡು, ಮಾರಾಟ. ನಡುವಿನ ತಗ್ಗಿನಲ್ಲಿ ಇರುವುದು ತಯಾರಿಕೆ. ನಿಮ್ಮಾಕೆಯ ಹೊಲಿಗೆ ಯಂತ್ರ ಇರುವುದು ಆ ತಗ್ಗಿನಲ್ಲಿ.

ಅದನ್ನು ಹತ್ತಿರದಿಂದಲೇ ನೋಡೋಣ. ಕೆಲವು ವರ್ಷಗಳ ಹಿಂದೆ ಮೈಸೂರು ರಸ್ತೆಯ ಕಡೆಯ ಕಾರ್ಖಾನೆಯೊಂದರಲ್ಲಿ ಅರ್ಧ ದಿನ ಒಂದು ಲೈನಿನ ಪಕ್ಕ ನಿಂತಿದ್ದೆ. ಲೈನಿನ ತಲೆಯಲ್ಲಿ ಬಿಳಿ ಬೋರ್ಡು. ಗಂಟೆಗೊಮ್ಮೆ ಸೂಪರ್‌ವೈಸರ್ ಬಂದು ಟಾರ್ಗೆಟ್ ಎಷ್ಟು, ಆಗಿದ್ದು ಎಷ್ಟು ಎಂದು ಬರೆದು ಹೋಗುತ್ತಿದ್ದ. 110ಕ್ಕೆ 92 ಬಂದರೆ ಬೋರ್ಡಿನ ಮುಂದೆಯೇ ಜೋರು ಮಾತು. ಕಾಲರ್ ಕೂರಿಸುತ್ತಿದ್ದ, ನಲವತ್ತರ ಆಸುಪಾಸಿನ ಹೆಂಗಸಿನ ಕಾಲಬುಡದಲ್ಲಿ ಮನೆಯಿಂದ ತಂದ ನೀರಿನ ಬಾಟಲಿ ಇತ್ತು. ಮಧ್ಯಾಹ್ನ ಊಟದ ಬೆಲ್ ಹೊಡೆದಾಗಲೂ ಅದು ತುಂಬಿಯೇ ಇತ್ತು. “ನೀರು ಕುಡಿಯಲ್ವೇನಮ್ಮಾ?” ಎಂದೆ. “ಕುಡಿದ್ರೆ ಎದ್ದು ಹೋಗ್ಬೇಕಲ್ಲ ಸಾರ್, ಬಂಡಲ್ ನಿಂತ್ಕೊಳ್ಳುತ್ತೆ” ಎಂದರು.

ಆ ಕಾಲರಿಗೆ ಎಷ್ಟು ಸೆಕೆಂಡು, ತೋಳಿಗೆ ಎಷ್ಟು, ಗುಂಡಿಗೆ ಎಷ್ಟು ಎಂದು ವಿದೇಶಿ ಖರೀದಿದಾರರು ಮೊದಲೇ ಲೆಕ್ಕ ಹಾಕಿರುತ್ತಾರೆ. ನಿಮಿಷದ ಮೇಲೆ ಅಂಗಿಯ ದರ. ನಾವೂ ಆ ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮಾಕೆಯ ಸಂಬಳದ ಚೀಟಿ ಇಟ್ಟುಕೊಂಡು ನೀವು ತಿದ್ದಿಕೊಳ್ಳಿ. ತಿಂಗಳಿಗೆ 13,000 ರೂಪಾಯಿ, 26 ದಿನ, ದಿನಕ್ಕೆ ಎಂಟು ಗಂಟೆ ಎಂದರೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ರೂಪಾಯಿ. ಅಂಗಿಗೆ 20 ನಿಮಿಷದ ಕೆಲಸ ಎಂದುಕೊಳ್ಳಿ. ಲೈನು ಕಾಗದದಲ್ಲಿ ಬರೆದಷ್ಟು ವೇಗವಾಗಿ ಎಂದೂ ಓಡುವುದಿಲ್ಲ, ಶೇ 60ರ ವೇಗ ಹಿಡಿಯಿರಿ. ಒಂದು ಅಂಗಿಯ ಹೊಲಿಗೆಗೆ ಬಿದ್ದ ಕೂಲಿ ಸುಮಾರು 35 ರೂಪಾಯಿ. ಅದೇ ಅಂಗಿ ಯುರೋಪಿನ ಅಂಗಡಿಯಲ್ಲಿ ಎರಡೂವರೆ ಸಾವಿರಕ್ಕೆ ಹೋದರೆ ಹೊಲಿದವರ ಪಾಲು ನೂರಕ್ಕೆ ಒಂದೂವರೆಯೂ ಆಗಲಿಲ್ಲ. ಈಗ ಲೈನಿನ ಎಲ್ಲರಿಗೂ ಶೇ 20ರಷ್ಟು ಸಂಬಳ ಏರಿಸಿ ನೋಡಿ. ಅಂಗಿಗೆ ಬೀಳುವ ಹೆಚ್ಚುವರಿ ಖರ್ಚು ಏಳು ರೂಪಾಯಿ.

ಏಳು ರೂಪಾಯಿ! ಅಂಗಿ ಕೊಳ್ಳುವವರಿಗೆ ಅದು ಗೊತ್ತೂ ಆಗುವುದಿಲ್ಲ. ಆದರೂ ಅದು ಸಿಗುವುದಿಲ್ಲ, ಏಕೆಂದರೆ ಅಂಗಿಯ ದರವನ್ನು ಹೊಲಿಸುವ ಕಾರ್ಖಾನೆ ನಿಗದಿ ಮಾಡುವುದಿಲ್ಲ. ಯಾವ ದೇಶದಿಂದ ಎಷ್ಟು ಬಟ್ಟೆ ತರಿಸಬಹುದು ಎಂದು ಕೋಟಾ ಹಾಕಿದ್ದ ಅಂತರರಾಷ್ಟ್ರೀಯ ವ್ಯವಸ್ಥೆ 2005ರ ಜನವರಿ 1ಕ್ಕೆ ಕೊನೆಯಾಯಿತು. ಅಂದಿನಿಂದ ಖರೀದಿದಾರರಿಗೆ ಬೆಂಗಳೂರು ಬೇಡವಾದರೆ ಢಾಕಾ, ಢಾಕಾ ಬೇಡವಾದರೆ ಹನೋಯ್. ಮಾಲೀಕರು ಏಳು ರೂಪಾಯಿ ಕೇಳಿದರೆ ಆರ್ಡರು ಬೇರೆ ಕಡೆ ಹೋಗುತ್ತದೆ. ಹಾಗಾಗಿ ಅವರು ಕೇಳುವುದಿಲ್ಲ, ಆ ಒತ್ತಡವನ್ನು ಬಿಳಿ ಬೋರ್ಡಿನ ಮೇಲೆ ಬರೆಸುತ್ತಾರೆ.

ನಿಮ್ಮ ಪ್ರಶ್ನೆಗೆ ನಾನು ಕೊಡುವ ಉತ್ತರ ಇಲ್ಲಿದೆ. ಯಂತ್ರ, ಚೀನಾ, ಜಾಗತೀಕರಣ ಎಲ್ಲವೂ ಕಾರಣಗಳೇ. ಆದರೆ ಈ ಎಲ್ಲವೂ ಒಂದೇ ಜಾಗಕ್ಕೆ ಪೆಟ್ಟು ಕೊಟ್ಟಿವೆ: ‘ಈ ಷರತ್ತಿಗೆ ನಾನು ಒಪ್ಪಲ್ಲ’ ಎಂದು ಎದ್ದು ಹೋಗಲು ಯಾರಿಗೆ ಸಾಧ್ಯ? ಬಂಡವಾಳಕ್ಕೆ ಕಾಲು ಬಂದಿದೆ. ದುಡಿಯುವವರ ಕಾಲಿಗೆ ಮನೆ, ಮಕ್ಕಳು, ರೇಷನ್ ಕಾರ್ಡು, ಸಾಲ ಕಟ್ಟಿಕೊಂಡಿವೆ. ಎದ್ದು ಹೋಗಬಲ್ಲವರ ಪಾಲು ಬೆಳೆಯುತ್ತದೆ, ಹೋಗಲಾರದವರ ಪಾಲು ಕರಗುತ್ತದೆ. ಇದನ್ನು ಒಪ್ಪದ, ಬರೀ ತಂತ್ರಜ್ಞಾನದಿಂದ ಎಲ್ಲವನ್ನೂ ವಿವರಿಸುವ ಸಹೋದ್ಯೋಗಿಗಳು ನನಗಿದ್ದಾರೆ. ಅವರಿಗೆ ನಾನು ಕೇಳುವುದಿಷ್ಟೇ: ಹೊಲಿಗೆ ಯಂತ್ರ ಐವತ್ತು ವರ್ಷದಲ್ಲಿ ಅಷ್ಟೇನೂ ಬದಲಾಗಿಲ್ಲ, ಇವತ್ತಿಗೂ ಕಾಲರ್ ಕೂರಿಸುವುದು ಕೈಯೇ. ಹಾಗಾದರೆ ಅಲ್ಲಿ ಪಾಲು ಏಕೆ ಏರಲಿಲ್ಲ?

ನಮ್ಮ ದೊಡ್ಡ ಕಾರ್ಖಾನೆಗಳ ಲೆಕ್ಕ ಇದನ್ನೇ ಹೇಳುತ್ತದೆ. ನೋಂದಾಯಿತ ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆಯಂತೆ, ಅವುಗಳಲ್ಲಿ ಹುಟ್ಟಿದ ನಿವ್ವಳ ಮೌಲ್ಯದಲ್ಲಿ ಕಾರ್ಮಿಕರ ಕೂಲಿಯ ಪಾಲು 1980ರ ದಶಕದ ಆರಂಭದಲ್ಲಿ ಸುಮಾರು ಶೇ 30 ಇತ್ತು. 2007-08ರ ಹೊತ್ತಿಗೆ ಅದು ಶೇ 10ರ ಆಸುಪಾಸಿಗೆ ಕುಸಿಯಿತು. ಆಮೇಲೆ ಒಂದಿಷ್ಟು ಚೇತರಿಸಿಕೊಂಡರೂ ಹಳೆಯ ಮಟ್ಟ ಮತ್ತೆ ಕಾಣಲಿಲ್ಲ. ನಿಮ್ಮ ತಂದೆಯ ಕಾಲಕ್ಕೂ ನಿಮ್ಮ ಕಾಲಕ್ಕೂ ಇರುವ ವ್ಯತ್ಯಾಸ ಆ ಎರಡು ಅಂಕಿಗಳ ನಡುವಿನ ಅಂತರ. ಆಗ ಸಂಘಗಳಿಗೆ ಬಲವಿತ್ತು. 1980ರ ಕೊನೆಯಲ್ಲಿ ಶುರುವಾದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರದಲ್ಲಿ ಎಚ್‌ಎಎಲ್, ಎಚ್‌ಎಂಟಿ, ಐಟಿಐ, ಬಿಇಎಲ್‌ನ ಕಾರ್ಮಿಕರು ಎರಡೂವರೆ ತಿಂಗಳು ಕೆಲಸಕ್ಕೆ ಹೋಗಲಿಲ್ಲ. 1982ರ ಜನವರಿಯಲ್ಲಿ ಮುಂಬೈಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಮುಂಬೈಯಲ್ಲಿ ಅವರು ಸೋತರು. ಎಷ್ಟೋ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ, ಬಟ್ಟೆಯ ಕೆಲಸ ಭಿವಂಡಿಯಂಥ ಕಡೆಯ ಪವರ್‌ಲೂಮ್ ಶೆಡ್ಡುಗಳಿಗೆ ಹೋಯಿತು. ಬಂಡವಾಳಕ್ಕೆ ಕಾಲು ಬಂದದ್ದನ್ನು ನಮ್ಮ ದೇಶ ಮೊದಲು ಕಂಡದ್ದು ಅಲ್ಲೇ. ವಿದೇಶಕ್ಕೆ ಹೋಗಬೇಕಾಗಿಯೂ ಇರಲಿಲ್ಲ.

ಆಮೇಲೆ ಬಂದದ್ದು ಗುತ್ತಿಗೆ. ಇದು ನೇರವಾಗಿ ನಿಮಗೆ ಸಂಬಂಧಿಸಿದ್ದು. ಗುತ್ತಿಗೆ ಕಾರ್ಮಿಕ ಪದ್ಧತಿಯನ್ನು ನಿಯಂತ್ರಿಸಲು, ಅನಗತ್ಯವಾದ ಕಡೆ ರದ್ದು ಮಾಡಲು 1970ರಲ್ಲಿ ಕಾಯ್ದೆ ಬಂತು. ರದ್ದಾದ ಕಡೆ ಗುತ್ತಿಗೆಯವರನ್ನು ಕಾಯಂ ಮಾಡಿಕೊಳ್ಳಲೇಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟು 2001ರ ಆಗಸ್ಟ್‌ನಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆಗ ಕಾರ್ಖಾನೆಗಳ ಐದು ಕಾರ್ಮಿಕರಲ್ಲಿ ಒಬ್ಬರು ಗುತ್ತಿಗೆಯವರಿದ್ದರು, ಈಗ ಐದರಲ್ಲಿ ಇಬ್ಬರು. ಒಂದೇ ಯಂತ್ರದ ಎರಡು ಬದಿಯಲ್ಲಿ ಒಬ್ಬರು ಕಾಯಂ, ಇನ್ನೊಬ್ಬರು ಗುತ್ತಿಗೆ. ಗುತ್ತಿಗೆಯವರು ಕಡಿಮೆ ಪಡೆಯುವುದಷ್ಟೇ ಅಲ್ಲ, ಅವರು ಪಕ್ಕದಲ್ಲಿರುವುದರಿಂದ ಕಾಯಂ ಇರುವವರೂ ದನಿ ಎತ್ತಲು ಹಿಂಜರಿಯುತ್ತಾರೆ. ಲಾಭ ಚೆನ್ನಾಗಿರುವ ವರ್ಷದಲ್ಲೂ ಇದು ಬದಲಾಗುವುದಿಲ್ಲ. ಕೇಂದ್ರ ಸರ್ಕಾರದ 2024-25ರ ಆರ್ಥಿಕ ಸಮೀಕ್ಷೆಯೇ ಇದನ್ನು ಆತಂಕದಿಂದ ಬರೆದಿದೆ. 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22.3 ಏರಿತು, ಉದ್ಯೋಗ ಏರಿದ್ದು ಶೇ 1.5 ಮಾತ್ರ.

ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಭಾರತದ ಶೇ 35 ಎಂಬ ಅಂಕಿಯನ್ನು ಪ್ರಪಂಚದ ಶೇ 52ರ ಪಕ್ಕ ಇಟ್ಟು ಅಳಬೇಡಿ. 2023-24ರ ಲೆಕ್ಕದಂತೆ ನಮ್ಮ ದುಡಿಯುವ ಜನರಲ್ಲಿ ಶೇ 58ರಷ್ಟು ಮಂದಿ ಸ್ವಂತ ಕೆಲಸದವರು: ರೈತರು, ಕಿರಾಣಿ ಅಂಗಡಿಯವರು, ಇಡ್ಲಿ ಗಾಡಿಯವರು. ಇಡ್ಲಿ ಗಾಡಿಯಾಕೆ ದಿನಕ್ಕೆ ಉಳಿಸುವ 600 ರೂಪಾಯಿಯಲ್ಲಿ ಎಷ್ಟು ಆಕೆಯ ಕೂಲಿ, ಎಷ್ಟು ಆ ಗಾಡಿ ಮತ್ತು ಒಲೆಯ ಲಾಭ? ಆಕೆಗೇ ಗೊತ್ತಿಲ್ಲ. ಸರ್ಕಾರ ಅದನ್ನು ‘ಮಿಶ್ರ ಆದಾಯ’ ಎಂದು ಬೇರೆಯೇ ಬರೆದಿಡುತ್ತದೆ. ಅದನ್ನು ಹೇಗೆ ಸೀಳುತ್ತೀರಿ ಎಂಬುದರ ಮೇಲೆ ದೇಶದ ಅಂಕಿ ಹತ್ತಾರು ಅಂಶ ಮೇಲೆ ಕೆಳಗೆ ಆಗುತ್ತದೆ. ಐರ್ಲೆಂಡಿನಲ್ಲಿ 2015ರಲ್ಲಿ ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟಿನಂಥ ಆಸ್ತಿಗಳನ್ನು ಅಲ್ಲಿಗೆ ವರ್ಗಾಯಿಸಿಕೊಂಡ ಕಾರಣಕ್ಕೆ ಜಿಡಿಪಿ ಒಂದೇ ವರ್ಷ ಕಾಲು ಭಾಗ ಬೆಳೆದು, ಯಾರ ಸಂಬಳವೂ ಕಡಿಮೆಯಾಗದೆ ಕಾರ್ಮಿಕರ ಪಾಲು ದಿಢೀರನೆ ಇಳಿದಂತೆ ಕಂಡಿತ್ತು. ಹಾಗಾಗಿ ನಾನು ಹೆಚ್ಚು ನೆಚ್ಚುವುದು ಸಂಬಳ ಯಾವುದು, ಲಾಭ ಯಾವುದು ಎಂದು ಚೊಕ್ಕವಾಗಿ ಬೇರ್ಪಡುವ ಕಾರ್ಖಾನೆಗಳ ಲೆಕ್ಕವನ್ನು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಏರಿದ್ದೂ ಇದೆ. ಚೀನಾದಲ್ಲಿ ಹಳ್ಳಿಯಿಂದ ಬರುವ ಯುವಕರ ಸಾಲು ತೆಳ್ಳಗಾಗತೊಡಗಿದ ಹೊತ್ತಿಗೆ 2008ರಲ್ಲಿ ಹೊಸ ಕಾರ್ಮಿಕ ಕರಾರು ಕಾನೂನು ಬಂತು. 2010ರ ಮೇ ತಿಂಗಳಲ್ಲಿ ಫೋಶಾನ್‌ನ ಹೋಂಡಾ ಬಿಡಿಭಾಗ ಕಾರ್ಖಾನೆಯಲ್ಲಿ ಎಳೆಯ ಕಾರ್ಮಿಕರು ಕೆಲಸ ನಿಲ್ಲಿಸಿ ಸಂಬಳ ಏರಿಸಿಕೊಂಡರು. ಕಾರ್ಮಿಕರು ಬೇರೆ ಕೆಲಸಕ್ಕೆ ಹೋಗಬಲ್ಲವರಾದ ಕೂಡಲೇ ಅಲ್ಲಿ ಗೆರೆ ಹಿಂದಕ್ಕೆ ಸರಿಯಿತು. ಬಾಂಗ್ಲಾದೇಶದಲ್ಲಿ ಅದಕ್ಕೆ ಘೋರವಾದ ಬೆಲೆ ತೆರಬೇಕಾಯಿತು. 2013ರ ಏಪ್ರಿಲ್ 24ರಂದು ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತ ಮೇಲೆ ಗಾರ್ಮೆಂಟ್ಸ್‌ನ ಕನಿಷ್ಠ ಕೂಲಿ ತಿಂಗಳಿಗೆ 5,300 ಟಾಕಾ ಆಯಿತು. ನಮ್ಮಲ್ಲಿ ಉದ್ಯೋಗ ಖಾತ್ರಿ ಶುರುವಾದ 2006ರ ನಂತರದ ವರ್ಷಗಳಲ್ಲಿ ಹಳ್ಳಿಯ ಕೂಲಿ ಹಿಂದೆಂದೂ ಇಲ್ಲದ ವೇಗದಲ್ಲಿ ಏರಿತು. ಅದಕ್ಕೆ ಕಟ್ಟಡ ಕೆಲಸ ಹೆಚ್ಚಿದ್ದೂ ಸೇರಿ ಬೇರೆ ಕಾರಣಗಳಿದ್ದವು. ಆದರೆ ಪಂಚಾಯಿತಿಯಲ್ಲಿ ನೂರು ದಿನದ ಕೆಲಸ ಕೇಳಿ ಪಡೆಯಬಹುದು ಎಂದಾದಾಗ ಗೌಡರ ತೋಟಕ್ಕೆ ಹೇಳಿದ ಕೂಲಿಗೇ ಹೋಗಬೇಕಾದ ಅನಿವಾರ್ಯ ಕಡಿಮೆಯಾಯಿತು.

ಬೆಂಗಳೂರಿನಲ್ಲೇ ಆದದ್ದನ್ನು ನಿಮ್ಮಾಕೆ ಬಲ್ಲರು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ, ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಭಾಗವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ನಿಯಮ ಮಾಡಿತು. ಮಗಳ ಮದುವೆ, ಕೈಸಾಲ, ಶಾಲೆಯ ಫೀಸಿಗೆ ಆ ಹಣವನ್ನೇ ನೆಚ್ಚಿಕೊಂಡ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಏಪ್ರಿಲ್ 18 ಮತ್ತು 19ರಂದು ಬೊಮ್ಮನಹಳ್ಳಿಯ ಕಡೆ ಹೊಸೂರು ರಸ್ತೆಯಲ್ಲಿ, ಮೈಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಕೂತುಬಿಟ್ಟರು. ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ. ಎರಡನೆಯ ದಿನ ಸಂಜೆಯೊಳಗೆ ನಿಯಮ ವಾಪಸಾಯಿತು. ಇಡೀ ದೇಶದ ಕಾರ್ಮಿಕರಿಗೆ ಅದರ ಫಲ ಸಿಕ್ಕಿತು. ಪಿಎಫ್ ಎಂಬುದು ತಡವಾಗಿ ಕೈಗೆ ಬರುವ ಕೂಲಿ, ಅಂದರೆ ಪಾಲಿನ ಒಂದು ತುಂಡು. ಆ ತುಂಡನ್ನು ಉಳಿಸಿಕೊಂಡವರು ನಿಮ್ಮಾಕೆಯ ಜೊತೆಯವರು.

ಕೊನೆಗೆ ನೀವೇ ಮಾಡಬಹುದಾದ ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಕಂಪನಿ ಷೇರುಪೇಟೆಯಲ್ಲಿದ್ದರೆ ಅದರ ವಾರ್ಷಿಕ ವರದಿ ವೆಬ್‌ಸೈಟಿನಲ್ಲೇ ಸಿಗುತ್ತದೆ. ಪ್ರೈವೇಟ್ ಲಿಮಿಟೆಡ್ ಆಗಿದ್ದರೂ ಕಂಪನಿ ವ್ಯವಹಾರಗಳ ಇಲಾಖೆಯ ಪೋರ್ಟಲ್‌ನಲ್ಲಿ ಸಣ್ಣ ಶುಲ್ಕ ಕಟ್ಟಿ ತೆಗೆದುಕೊಳ್ಳಬಹುದು. ಲಾಭ-ನಷ್ಟದ ಪುಟ ತೆಗೆಯಿರಿ. ‘ನೌಕರರ ವೆಚ್ಚ’, ‘ಬಡ್ಡಿ’, ‘ತೆರಿಗೆಗೆ ಮುಂಚಿನ ಲಾಭ’ ಈ ಮೂರು ಸಾಲು ಕೂಡಿಸಿದರೆ ಹೆಚ್ಚುಕಡಿಮೆ ನಿಮ್ಮ ಕಾರ್ಖಾನೆಯ ರಾಶಿ. ಅದರಲ್ಲಿ ಮೊದಲ ಸಾಲು ಎಷ್ಟನೇ ಒಂದು ಭಾಗ ಎಂದು ನೋಡಿ, ಹತ್ತು ವರ್ಷದ ಹಿಂದಿನ ವರದಿಗೂ ಹಾಗೆಯೇ ಮಾಡಿ. ಆದರೆ ಆ ಮೊದಲ ಸಾಲಿನಲ್ಲಿ ನಿಮ್ಮನ್ನು ಹುಡುಕಬೇಡಿ. ಗುತ್ತಿಗೆದಾರರಿಗೆ ಕೊಟ್ಟ ಹಣವನ್ನು ಬಹಳಷ್ಟು ಕಂಪನಿಗಳು ನೌಕರರ ವೆಚ್ಚದಲ್ಲಿ ಬರೆಯುವುದಿಲ್ಲ. ಇನ್ನೂ ಕೆಳಗೆ ಹೋಗಿ, ‘ಇತರ ವೆಚ್ಚಗಳು’ ಎಂಬ ಟಿಪ್ಪಣಿ ತೆರೆಯಿರಿ. ಕರೆಂಟ್ ಬಿಲ್ಲು, ಸಾಗಣೆ ಬಾಡಿಗೆ, ಯಂತ್ರದ ರಿಪೇರಿ, ಸೆಕ್ಯುರಿಟಿ ಖರ್ಚು ಇವುಗಳ ನಡುವೆ ಒಂದು ಸಾಲಿನಲ್ಲಿ ನಿಮ್ಮ ಸಂಬಳ ಇರುತ್ತದೆ.